ಟ್ರೂಬ್ನರ್ ಮನೆತನ: ಇಬ್ಬರು ಗ್ರಂಥಪ್ರಕಾಶಕರ ವೃತ್ತಾಂತ

ಮಸ್ಕಿಯ ಅಶೋಕಶಾಸನವನ್ನು ಕುರಿತು ನಮ್ಮ ಸೀಮೆಯ ವಿದ್ಯಾವಂತರ ಮನೆಗಳಲ್ಲಿ ಕೇಳದವರು ವಿರಳ. ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಹೋಗುವ ಹಾದಿಯಲ್ಲಿ ಆ ಊರು ಇದೆ. ಅಲ್ಲಿಯ ಗುಡ್ಡದ ಬಂಡೆಯ ಮೇಲಿದ್ದ ಅಕ್ಷರಗಳನ್ನು 1915ನೆಯ ಇಸವಿ ಜನವರಿ 27ರಂದು, ಚಿನ್ನದ ನೆಲೆಯನ್ನು ಅರಸುತ್ತ ತಿರುಗುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಕಂಡನು. ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅವನ್ನು ಓದಿ, ಅದೇ ವರ್ಷ ಹೈದರಾಬಾದ್ ಪ್ರಾಚ್ಯವಸ್ತು ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಂದಿನಿಂದ ಎಪ್ಪತ್ತೆಂಟು ವರ್ಷಗಳವರೆಗೆ ದೊರೆತ ಧರ್ಮಲಿಪಿಗಳಲ್ಲೆಲ್ಲ ದೇವಾನಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಇದ್ದಿತೇ ಹೊರತು ಅಶೋಕನೆಂಬ ಹೆಸರು ಕಂಡಿರಲಿಲ್ಲ. ಸಿಂಹಳದ ಪಾಳಿ ಗ್ರಂಥಗಳ ಬಲದಿಂದ ಪ್ರಿಯದರ್ಶಿಯೇ ಅಶೋಕನೆಂದು ಊಹಿಸಿ ನಂಬಿದ್ದರು. ಆ ಊಹೆಗೆ ಕಲ್ಲಿನ ಸಾಕ್ಷ್ಯವನ್ನು ಕೊಟ್ಟದ್ದು ಮಸ್ಕಿಯ ಬಂಡೆ.

ಕಂಡವನನ್ನು ಹೊಗಳುತ್ತೇವೆ, ಓದಿದವರನ್ನು ಹೊಗಳುತ್ತೇವೆ. ಆದರೆ ಕಂಡೊಡನೆ ಓದುವುದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸುವವರು ಕಡಿಮೆ. ಸವೆದುಹೋದ ಬಂಡೆಯ ಮೇಲೆ ಒಂದು ಗೆರೆ, ಒಂದು ಕೊಕ್ಕೆ, ಒಂದು ಬಿಂದು ಮಾತ್ರ ಉಳಿದಿರುವಾಗ ಇದು ಇಂಥ ಅಕ್ಷರವೇ ಸರಿ, ಇಂಥ ಕಾಲದ್ದೇ ಸರಿ ಎಂದು ಹೇಳುವುದಕ್ಕೆ ನೂರಾರು ಶಾಸನಗಳ ಅಕ್ಷರಗಳನ್ನು ಒಂದೆಡೆ ಪಂಕ್ತಿಯಾಗಿ ಜೋಡಿಸಿ ನೋಡಿದ ಅನುಭವ ಬೇಕು. ಆ ಅನುಭವವನ್ನು ಒಬ್ಬನ ತಲೆಯಿಂದ ಇನ್ನೊಬ್ಬನ ಮೇಜಿಗೆ ತಲುಪಿಸುವ ಗ್ರಂಥ ಬೇಕು. ಅಂಥ ಗ್ರಂಥವನ್ನು ಅಚ್ಚುಹಾಕಿಸಿ, ವರ್ಷಕ್ಕೆ ನಾಲ್ಕಾರು ಪ್ರತಿ ಮಾರಿದರೂ ಸೈರಿಸಿಕೊಂಡಿರುವ ವರ್ತಕನೊಬ್ಬನು ಬೇಕು. ಈ ಮೂರನೆಯವನ ವಿಷಯವೇ ಈ ಲೇಖನದ ವಸ್ತು.

ನಮ್ಮ ನಾಡಿನ ಲಿಪಿಶಾಸ್ತ್ರಕ್ಕೆ ತಳಹದಿಯಾದ ಗ್ರಂಥಗಳು ಎರಡು. ಒಂದು, ಆರ್ಥರ್ ಕೋಕ್ ಬರ್ನೆಲ್ ಪಂಡಿತನು ದಕ್ಷಿಣ ಹಿಂದೂಸ್ಥಾನದ ಪ್ರಾಚೀನ ಲಿಪಿಗಳನ್ನು ಕುರಿತು ಬರೆದುದು, 1874ರಲ್ಲಿ ಪ್ರಕಟವಾಯಿತು. ಇನ್ನೊಂದು, ಗೇಓರ್ಗ್ ಬ್ಯೂಲರ್ ಮಹಾಶಯರು ಜರ್ಮನ್ ಭಾಷೆಯಲ್ಲಿ ಬರೆದ ಭಾರತೀಯ ಲಿಪಿಶಾಸ್ತ್ರ, 1896ರದು. ಮೊದಲನೆಯದು ಲಂಡನ್ ನಗರದ ಪ್ರಕಟಣೆ, ಎರಡನೆಯದು ಸ್ಟ್ರಾಸ್‌ಬುರ್ಗ್ ನಗರದ್ದು. ಎರಡರ ಮುಖಪತ್ರದ ಮೇಲೂ ಪ್ರಕಾಶಕನ ಹೆಸರು ಟ್ರೂಬ್ನರ್. ಒಬ್ಬನೇ ಇರಬೇಕೆಂದು ಭಾವಿಸುವುದು ಸಹಜ. ಅಲ್ಲ. ಮೊದಲನೆಯವನು ನಿಕೋಲಸ್ ಟ್ರೂಬ್ನರ್; ಎರಡನೆಯವನು ಆತನ ಸಹೋದರನ ಮಗನಾದ ಕಾರ್ಲ್ ಟ್ರೂಬ್ನರ್. ಇಬ್ಬರೂ ಹೈಡೆಲ್‌ಬರ್ಗ್ ಊರಿನವರು. ಇಬ್ಬರೂ ತಮ್ಮ ಊರನ್ನು ಬಿಟ್ಟು ಬೇರೆ ಬೇರೆ ನಗರಗಳಲ್ಲಿ ಅಂಗಡಿಯಿಟ್ಟವರು.

ನಿಕೋಲಸನು ಹುಟ್ಟಿದ್ದು 1817ರಲ್ಲಿ, ಅಕ್ಕಸಾಲಿಗನ ಮನೆಯಲ್ಲಿ. ಹೈಡೆಲ್‌ಬರ್ಗ್ ಜರ್ಮನಿಯ ಅತಿ ಪುರಾತನ ವಿದ್ಯಾಪೀಠಗಳಲ್ಲೊಂದಿರುವ ಊರು. ಬೀದಿಯಲ್ಲಿ ನಡೆಯುವವರಲ್ಲಿ ಅರ್ಧ ಜನ ವಿದ್ಯಾರ್ಥಿಗಳು, ಉಳಿದರ್ಧ ಜನ ಅವರನ್ನು ನಂಬಿ ಬದುಕುವ ವರ್ತಕರು ಎಂಬಂತಹ ಊರು. ಹುಡುಗನಿಗೆ ಓದಿನಲ್ಲಿ ಅತಿಶಯವಾದ ಆಸಕ್ತಿ. ತಂದೆಗೆ ಅವನನ್ನು ವಿದ್ಯಾಪೀಠಕ್ಕೆ ಕಳುಹಿಸುವ ಅನುಕೂಲವಿರಲಿಲ್ಲ. ಆದುದರಿಂದ ಮೋರ್ ಎಂಬ ಪುಸ್ತಕವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟನು. ಓದಬೇಕೆಂದಿದ್ದ ಹುಡುಗನು ಓದುವವರಿಗೆ ಪುಸ್ತಕ ಕಟ್ಟಿಕೊಡುವವನಾದನು. ಹೀಗೆ ವಿದ್ಯೆಯ ಬಾಗಿಲಲ್ಲಿ ನಿಂತು ಒಳಗೆ ಹೋಗಲಾರದ ಎಷ್ಟೋ ಮಂದಿಯ ಮನಸ್ಸು ಕಹಿಯಾಗುತ್ತದೆ, ಈತನದಾಗಲಿಲ್ಲ. ಅಂಗಡಿಯಿಂದ ಅಂಗಡಿಗೆ ಹೋಗುತ್ತ ಗಟ್ಟಿಂಗನ್ ಊರಿನಲ್ಲಿ ಫಾಂಡನ್‌ಹೂಕ್ ಮತ್ತು ರೂಪ್ರೆಖ್ಟ್ ಅವರಲ್ಲಿ, ಹಾಂಬುರ್ಗಿನಲ್ಲಿ ಹಾಫ್ಮನ್ ಮತ್ತು ಕಾಂಪೆ ಅವರಲ್ಲಿ, ಫ್ರಾಂಕ್‌ಫರ್ಟಿನಲ್ಲಿ ವಿಲ್ಮನ್ಸ್ ಎಂಬವನಲ್ಲಿ ದುಡಿದನು. ಗಟ್ಟಿಂಗನ್ ವಿದ್ವಾಂಸರ ಊರು, ಹಾಂಬುರ್ಗ್ ಹಡಗುಗಳ ಊರು, ಫ್ರಾಂಕ್‌ಫರ್ಟ್ ಪುಸ್ತಕದ ಜಾತ್ರೆಗೆ ಹೆಸರಾದ ಊರು. ಮುಂದೆ ಆತನಿಗೆ ಬೇಕಾದ ಮೂರು ವಿದ್ಯೆಗಳೂ ಈ ಮೂರು ಊರುಗಳಲ್ಲಿದ್ದವು.

ಲಂಡನ್ನಿನ ಲಾಂಗ್ಮನ್ ಕಂಪನಿಯವರು ಆತನನ್ನು 1843ರಲ್ಲಿ ತಮ್ಮಲ್ಲಿಗೆ ಕರೆಸಿಕೊಂಡು ಪರದೇಶದ ಪತ್ರವ್ಯವಹಾರವನ್ನು ವಹಿಸಿದರು. ಆತನಿಗೆ ಆಗ ಇಪ್ಪತ್ತಾರು ವರ್ಷ. ಆ ಮೇಜಿನ ಮುಂದೆ ಕುಳಿತು ಎಂಟು ವರ್ಷಗಳ ಕಾಲ ಜಗತ್ತಿನ ಮೂಲೆಮೂಲೆಯಿಂದ ಬರುವ ಕಾಗದಗಳನ್ನು ನೋಡುತ್ತಿದ್ದವನಿಗೆ ಒಂದು ಸಂಗತಿ ಹೊಳೆದಿರಬೇಕು. ಅಮೆರಿಕದಲ್ಲಿ ಅಚ್ಚಾದ ಪುಸ್ತಕ ಯೂರೋಪಿನವರಿಗೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಕಲ್ಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಅಚ್ಚಾದುದಂತೂ ಅಚ್ಚಾಗಿದೆಯೆಂಬ ಸುದ್ದಿಯೇ ತಲುಪುತ್ತಿರಲಿಲ್ಲ. ಬೇಕೆನ್ನುವವನೊಬ್ಬನು ಬಾನ್ ನಗರದಲ್ಲಿ, ಇಟ್ಟುಕೊಂಡವನು ಬನಾರಸಿನಲ್ಲಿ, ನಡುವೆ ಹಡಗೇ ಹೊರತು ಮನುಷ್ಯನಿಲ್ಲ. ಆ ನಡುವಿನ ಮನುಷ್ಯನಾಗುವೆನೆಂದು 1851ರ ಸುಮಾರಿಗೆ ಪಾಲುದಾರರೊಡನೆ ಸ್ವಂತ ವ್ಯಾಪಾರವನ್ನು ಆರಂಭಿಸಿದನು. ಕ್ರಮೇಣ ಅಂಗಡಿ ಲಡ್ಗೇಟ್ ಹಿಲ್ ಎಂಬ ಬೀದಿಯಲ್ಲಿ ನೆಲೆಗೊಂಡಿತು.

ಮೊದಲು ಕೈಹಾಕಿದ್ದು ಅಮೆರಿಕದ ಕಡೆಗೆ. ಅಲ್ಲಿಯ ಗ್ರಂಥಗಳ ದೊಡ್ಡದೊಂದು ಪಟ್ಟಿಯನ್ನು ತಾನೇ ತಯಾರಿಸಿ 1855ರಲ್ಲಿ ಪ್ರಕಟಿಸಿ, 1859ರಲ್ಲಿ ವಿಸ್ತರಿಸಿದನು. ಅನಂತರ 1865ರಲ್ಲಿ ಅಮೆರಿಕ ಹಾಗೂ ಪೌರಸ್ತ್ಯ ದೇಶಗಳ ಗ್ರಂಥವಾರ್ತೆಯನ್ನು ತಿಳಿಸುವ ಪತ್ರಿಕೆಯೊಂದನ್ನು ಹೊರಡಿಸಿದನು. ಹೊಸ ಗ್ರಂಥಗಳ ಹೆಸರು, ಬೆಲೆ, ಎಲ್ಲಿ ಅಚ್ಚಾಯಿತು, ಯಾರು ಬರೆದರು ಎಂಬ ಒಣ ವಿವರಗಳಿಂದ ಕೂಡಿದ ಪತ್ರಿಕೆ ಅದು. ಮನರಂಜನೆಗೆಂದು ಅದನ್ನು ಯಾರೂ ಓದಿರಲಾರರು. ಆದರೆ ಹಿಂದೂಸ್ಥಾನದಲ್ಲಿ ಅಚ್ಚಾದ ಒಂದು ವ್ಯಾಕರಣವೋ ಕೋಶವೋ ಲೈಪ್ಸಿಗ್ ನಗರದ ಪಂಡಿತನ ಕಣ್ಣಿಗೆ ಬೀಳುವಂತಾದುದು ಇಂತಹ ಒಣ ಪಟ್ಟಿಗಳ ದಯದಿಂದಲೇ. ಮಾರುವವನಿಗೆ ಮಾರುವ ವಸ್ತುವಿನ ಗುಣ ತಿಳಿದಿರಬೇಕೆಂಬ ನಿಯಮವನ್ನು ಆತನು ಅಕ್ಷರಶಃ ಪಾಲಿಸಿ, ಆಗ ಲಂಡನ್ನಿನಲ್ಲಿದ್ದ ಗೋಲ್ಡ್‌ಸ್ಟ್ಯೂಕರ್ ಪಂಡಿತರಲ್ಲಿ ಸಂಸ್ಕೃತವನ್ನೂ ಅಭ್ಯಾಸಮಾಡಿದನು. ವಿದ್ಯಾಪೀಠವು ತಪ್ಪಿಸಿದ ಪಾಠವನ್ನು ಅಂಗಡಿಯು ಹೇಳಿಸಿತು.

ಆತನ ಅಂಗಡಿಯಿಂದ ಹೊರಟ ಗ್ರಂಥಗಳ ಹೆಸರನ್ನು ಎಣಿಸುತ್ತ ಹೋದರೆ ಲೇಖನವೇ ಪಟ್ಟಿಯಾದೀತು. ಆದರೂ ಕೆಲವನ್ನು ಹೇಳದೆ ಇರಲಾಗದು. ಎಲಿಯಟ್ ಸಂಗ್ರಹಿಸಿ ಡೌಸನ್ ಸಂಪಾದಿಸಿದ, ಮುಸಲ್ಮಾನ್ ಇತಿಹಾಸಕಾರರ ಬರಹಗಳ ಎಂಟು ಸಂಪುಟಗಳು 1867ರಿಂದ 1877ರವರೆಗೆ ಇಲ್ಲಿಂದಲೇ ಬಂದವು. ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕನ ವರ್ಣನೆ ಅವುಗಳಲ್ಲಿದೆ. ಕನ್ನಿಂಗ್‌ಹಾಮನ ಪ್ರಾಚೀನ ಭಾರತ ಭೂಗೋಳವು 1871ರದು. ಚೈಲ್ಡರ್ಸನ ಪಾಳಿ ಕೋಶವು 1875ರದು. ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ಲರ ಪುಸ್ತಕದ ಎರಡನೆಯ ಆವೃತ್ತಿಯನ್ನೂ 1875ರಲ್ಲಿ ಆತನೇ ಪ್ರಕಟಿಸಿದನು. ಕನ್ನಡವು ಸಂಸ್ಕೃತದ ಮಗಳಲ್ಲ, ತಮಿಳು ತೆಲುಗು ತುಳುಗಳ ಒಡಹುಟ್ಟಿದವಳು ಎಂಬ ಮಾತನ್ನು ನಮ್ಮ ತಂದೆತಾತಂದಿರು ಮೊದಲು ಕೇಳಿದುದು ಬಹುಮಟ್ಟಿಗೆ ಈ ಗ್ರಂಥದ ಪ್ರಭಾವದಿಂದ. 1878ರಲ್ಲಿ ಪೌರಸ್ತ್ಯ ಗ್ರಂಥಮಾಲೆಯೆಂಬುದು ಆರಂಭವಾಯಿತು. ಪಾರಸಿಗಳ ಧರ್ಮವನ್ನು ಕುರಿತ ಹೌಗ್ ಪಂಡಿತರ ಪ್ರಬಂಧಗಳು ಅದರ ಮೊದಲನೆಯ ಪುಷ್ಪ. ವೇಬರರ ಸಂಸ್ಕೃತ ವಾಙ್ಮಯಚರಿತ್ರೆಯ ಭಾಷಾಂತರವೂ ಅದೇ ವರ್ಷ ಸೇರಿತು.

ಇಷ್ಟೆಲ್ಲ ಮಾಡಿದವನನ್ನು ಪರೋಪಕಾರಿಯೆಂದು ಹೊಗಳಿ ಮಂಗಳಾರತಿಯೆತ್ತುವ ಅವಶ್ಯಕತೆಯಿಲ್ಲ. ಆತನು ವರ್ತಕ, ಲಾಭವನ್ನು ಎಣಿಸಿಯೇ ನಡೆದವನು. ಒಣಗ್ರಂಥಗಳ ಪಕ್ಕದಲ್ಲಿ ಜನರು ಮುಗಿಬಿದ್ದು ಕೊಳ್ಳುವ ಗ್ರಂಥವೂ ಆತನಲ್ಲಿತ್ತು. ಎಡ್ವಿನ್ ಆರ್ನಾಲ್ಡನು ಬುದ್ಧನ ಚರಿತ್ರೆಯನ್ನು ಹಾಡಿದ ಏಷ್ಯದ ಜ್ಯೋತಿಯೆಂಬ ಕಾವ್ಯವನ್ನು 1879ರಲ್ಲಿ ಪ್ರಕಟಿಸಿದವನೂ ಆತನೇ. ಅದು ಆವೃತ್ತಿಯ ಮೇಲೆ ಆವೃತ್ತಿ ಕಂಡಿತು. ಒಂದು ಕಾವ್ಯದ ಹಣದಲ್ಲಿ ಹತ್ತು ಕೋಶಗಳ ನಷ್ಟವನ್ನು ಹೊರುವುದು ಒಳ್ಳೆಯ ಪ್ರಕಾಶಕರೆಲ್ಲರೂ ಬಲ್ಲ ಲೆಕ್ಕ. ಕಾವ್ಯದ ಹಣವನ್ನು ಮತ್ತೊಂದು ಕಾವ್ಯಕ್ಕೇ ಹೂಡದೆ ಕೋಶಕ್ಕೆ ಹೂಡಿದನೆಂಬುದರಲ್ಲಿ ಆತನ ದೊಡ್ಡತನವಿದೆ.

ಇನ್ನು ಮಂಗಳೂರಿನ ಮಾತು. ಬರ್ನೆಲ್ಲನು 1840ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1860ರಲ್ಲಿ ಮದ್ರಾಸ್ ಸಿವಿಲ್ ಸರ್ವೀಸಿಗೆ ಸೇರಿ, ದಕ್ಷಿಣದ ಅನೇಕ ಜಿಲ್ಲೆಗಳಲ್ಲಿ ಅಧಿಕಾರ ನಡೆಸಿದವನು. ಹಗಲು ನ್ಯಾಯಾಧಿಕಾರ, ಉಳಿದ ವೇಳೆಯೆಲ್ಲ ಹಸ್ತಪ್ರತಿಗಳ ಬೇಟೆ. ಕೂಡಿಸಿದುದನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವವಲ್ಲ. 1870ರಲ್ಲಿ ತನ್ನ ಸಂಸ್ಕೃತ ಹಸ್ತಪ್ರತಿಗಳನ್ನು ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯಕ್ಕೆ ದಾನಮಾಡಿದನು. ತುಳುನಾಡಿನ ಭೂತಾರಾಧನೆಯನ್ನು ಕುರಿತು ಆತನು ಕೂಡಿಸಿಟ್ಟ ಪಾಡ್ದನಗಳು ಆತನು ತೀರಿಕೊಂಡ ಬಳಿಕ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬೆಳಕು ಕಂಡವು. ಮಂಗಳೂರಿನಲ್ಲಿ ಅಧಿಕಾರದಲ್ಲಿದ್ದಾಗ ಆತನಿಗೆ ಮನೆಯ ಬಾಗಿಲಿನಲ್ಲೇ ಒಂದು ಸೌಕರ್ಯವು ದೊರೆಯಿತು. ಅದು ಬಾಸೆಲ್ ಮಿಷನ್ ಅಚ್ಚುಕೂಟ.

ಈ ಅಚ್ಚುಕೂಟದ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಗಿ, 1843ರಲ್ಲಿ ಮೋಗ್ಲಿಂಗರ ಮಂಗಳೂರು ಸಮಾಚಾರವನ್ನು ಕೊಟ್ಟು, 1851ರಲ್ಲಿ ಪ್ಲೆಬ್ಸ್ಟ್ ಎಂಬ ಕುಶಲಿಯ ಕಾಲದಲ್ಲಿ ಲೋಹದ ಮೊಳೆಗಳ ಅಚ್ಚಿಗೆ ಬಂದು, 1894ರಲ್ಲಿ ಕಿಟ್ಟೆಲರ ಮಹಾಕೋಶವನ್ನು ಹೊರತಂದ ಅಚ್ಚುಕೂಟವದು. ಕನ್ನಡ, ತುಳು, ಇಂಗ್ಲಿಷು, ಜರ್ಮನ್, ನಾಗರೀ ಮೊಳೆಗಳನ್ನು ಒಂದೇ ಪುಟದಲ್ಲಿ ತಪ್ಪಿಲ್ಲದೆ ಜೋಡಿಸಬಲ್ಲ ಕೈಗಳು ಆಗ ಈ ದೇಶದಲ್ಲಿ ಎಷ್ಟು ಕಡೆ ಇದ್ದುವು? ಬರ್ನೆಲ್ಲನ ಗ್ರಂಥಕ್ಕೆ ಬೇಕಾದುದು ಅಂತಹ ಕೈಗಳೇ. ಅಕ್ಷರದ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ, ನೆತ್ತಿಯ ಮೇಲೊಂದು ಗೆರೆ. ಒಂದು ತಪ್ಪಿದರೆ ಇಡೀ ವಾದವೇ ತಪ್ಪು. ಆದುದರಿಂದ ಗ್ರಂಥವು ಮಂಗಳೂರಿನಲ್ಲಿ ಅಚ್ಚಾಯಿತು. ಪ್ರಕಾಶಕನು ಮಾತ್ರ ಲಂಡನ್ನಿನ ಟ್ರೂಬ್ನರ್. ಮುಖಪತ್ರದಲ್ಲಿ ಲಡ್ಗೇಟ್ ಹಿಲ್ಲಿನ ವಿಳಾಸವೂ ಇದೆ, ಅಚ್ಚುಕೂಟವನ್ನು ನಡೆಸುತ್ತಿದ್ದ ಸ್ಟೋಲ್ಜ್ ಮತ್ತು ಹಿರ್ನರ್ ಎಂಬವರ ಹೆಸರೂ ಇದೆ. ಮೊಳೆ ಜೋಡಿಸಿದ ಮಂಗಳೂರಿನವರಿಗೆ ಆ ಪತ್ರದಲ್ಲಿ ಸ್ಥಳವಿಲ್ಲ. ಈ ಕೊರತೆಯು ಆ ಒಂದು ಪುಸ್ತಕದ್ದಲ್ಲ, ಆ ಕಾಲದ ಪುಸ್ತಕಗಳೆಲ್ಲದರದೂ.

ಗ್ರಂಥವು ಅತಿ ದೊಡ್ಡದಲ್ಲ. ವೇಂಗಿ, ಚಾಲುಕ್ಯ, ಚೇರ, ಗ್ರಂಥ, ವಟ್ಟೆಳುತ್ತು ಮುಂತಾದ ಲಿಪಿಗಳನ್ನು ಕಾಲಕ್ರಮವಾಗಿ ಚಿತ್ರಪಟಗಳಲ್ಲಿ ತೋರಿಸಿದೆ. ಅಂಕೆಗಳ ವಿಚಾರ, ಓಲೆ ಕಂಠಗಳ ವಿಚಾರ, ತಾಮ್ರಪಟಗಳ ಬಗೆಗಳು ಇವೆಲ್ಲ ಇವೆ. ಒಂದು ಅಕ್ಷರವು ಐನೂರು ವರ್ಷಗಳಲ್ಲಿ ಹೇಗೆ ಬಾಗಿತು, ಹೇಗೆ ದುಂಡಾಯಿತು, ತಲೆಕಟ್ಟು ಯಾವಾಗ ಬಂದಿತು ಎಂಬುದನ್ನು ದಕ್ಷಿಣದ ಲಿಪಿಗಳ ಮಟ್ಟಿಗೆ ಹೀಗೆ ಒಂದೆಡೆ ಕ್ರಮವಾಗಿ ನಿರೂಪಿಸಿದ ಕೃತಿ ಅದಕ್ಕೆ ಮೊದಲು ಇರಲಿಲ್ಲ. ಸ್ಟ್ರಾಸ್‌ಬುರ್ಗ್ ವಿದ್ಯಾಪೀಠವು ಬರ್ನೆಲ್ಲನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ವಿಸ್ತರಿಸಿದ ಎರಡನೆಯ ಆವೃತ್ತಿಯನ್ನು ಟ್ರೂಬ್ನರನು 1878ರಲ್ಲಿ ಹೊರಡಿಸಿದನು. ಲಿಪಿಶಾಸ್ತ್ರದಂತಹ ವಿಷಯದ ಪುಸ್ತಕಕ್ಕೆ ನಾಲ್ಕು ವರ್ಷಗಳಲ್ಲಿ ಎರಡನೆಯ ಆವೃತ್ತಿ! ಲಡ್ಗೇಟ್ ಹಿಲ್ಲಿನ ವರ್ತಕನಿಗೂ ಅದು ಆಶ್ಚರ್ಯವೇ ಆಗಿರಬೇಕು.

ಆದರೆ ಆ ಗ್ರಂಥದ ಹೆಸರಿನಲ್ಲಿಯೇ ಅದರ ಮಿತಿಯೂ ಬರೆದಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದಿಂದ ಹದಿನೇಳನೆಯದರವರೆಗೆ ಎಂದು ಆತನು ಎಲ್ಲೆ ಹಾಕಿಕೊಂಡಿದ್ದಾನೆ. ನಾಲ್ಕನೆಯದಕ್ಕಿಂತ ಹಿಂದೆ ಏಕೆ ಹೋಗಲಿಲ್ಲ? ಕನ್ನಡನಾಡಿನಲ್ಲಿ ಅಶೋಕನ ಒಂದು ಶಾಸನವೂ ಆಗ ತಿಳಿದಿರಲಿಲ್ಲ. 1877ರಲ್ಲಿ ಕನ್ನಿಂಗ್‌ಹಾಮನು ಅಶೋಕನ ಶಾಸನಗಳನ್ನೆಲ್ಲ ಕೂಡಿಸಿ ಸಂಪುಟವನ್ನು ಹೊರತಂದಾಗಲೂ ಅದರಲ್ಲಿ ನಮ್ಮ ನಾಡಿನ ಕಲ್ಲೊಂದಿಲ್ಲ. ಮಸ್ಕಿಯ ಬಂಡೆ ಆಗಲೂ ಅಲ್ಲಿಯೇ ಇತ್ತು. ವಟ್ಟೆಳುತ್ತು ಅಶೋಕನ ಲಿಪಿಯ ಸಂತಾನವಲ್ಲ, ಬೇರೆಯಾಗಿ ಪಶ್ಚಿಮದಿಂದ ಬಂದುದು ಎಂದು ಬರ್ನೆಲ್ಲನು ವಾದಿಸಿದನು. ಆ ವಾದವು ಮುಂದೆ ನಿಲ್ಲಲಿಲ್ಲ. ಆದರೂ ಗ್ರಂಥದ ಬೆಲೆ ಕುಂದಲಿಲ್ಲ. ಅವನ ತಪ್ಪನ್ನು ತಿದ್ದಿದವರೂ ಅವನ ಚಿತ್ರಪಟಗಳನ್ನು ಮುಂದಿಟ್ಟುಕೊಂಡೇ ತಿದ್ದಬೇಕಾಯಿತು.

ಬರ್ನೆಲ್ಲನು 1882ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಹೋದನು. ಆತನು ಅರ್ಧಕ್ಕೆ ಬಿಟ್ಟಿದ್ದ ಮನುಸ್ಮೃತಿಯ ಇಂಗ್ಲಿಷ್ ಭಾಷಾಂತರವನ್ನು ಹಾಪ್ಕಿನ್ಸ್ ಪಂಡಿತನು ಪೂರೈಸಿದನು. ಅದು 1884ರಲ್ಲಿ ಟ್ರೂಬ್ನರನ ಪೌರಸ್ತ್ಯ ಗ್ರಂಥಮಾಲೆಯಲ್ಲಿ ಬಂದಿತು. ಅದೇ 1884ರ ಮಾರ್ಚ್ ತಿಂಗಳಿನಲ್ಲಿ ನಿಕೋಲಸ್ ಟ್ರೂಬ್ನರನೂ ಲಂಡನ್ನಿನಲ್ಲಿ ಕಾಲವಾದನು. ಆತನಿಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು. ಅಂಗಡಿಯು ಐದು ವರ್ಷಗಳ ಕಾಲ ಹೆಸರುಳಿಸಿಕೊಂಡಿದ್ದು, 1889ರಲ್ಲಿ ಬೇರೆ ಎರಡು ಹೆಸರುಗಳೊಡನೆ ಕೂಡಿ ಕೇಗನ್ ಪಾಲ್, ಟ್ರೆಂಚ್, ಟ್ರೂಬ್ನರ್ ಎಂಬ ಉದ್ದವಾದ ಹೆಸರಿನ ಕಂಪನಿಯಾಯಿತು. ಸಖಾವು ಪಂಡಿತರು ಭಾಷಾಂತರಿಸಿದ ಅಲ್ಬೇರೂನಿಯ ಭಾರತವು 1888ರಲ್ಲಿ ಬಂದಾಗ ಅದನ್ನು ಹಮ್ಮಿದವನು ಇಲ್ಲದೆ ನಾಲ್ಕು ವರ್ಷಗಳಾಗಿದ್ದುವು.

ಮನೆತನದ ಹೆಸರು ಮುಂದುವರಿದುದು ಸಮುದ್ರದ ಆಚೆಯ ದಡದಲ್ಲಿ. ಸಹೋದರನ ಮಗನಾದ ಕಾರ್ಲನು 1846ರಲ್ಲಿ ಹೈಡೆಲ್‌ಬರ್ಗಿನಲ್ಲಿ ಹುಟ್ಟಿದವನು. 1870ರ ಯುದ್ಧದಲ್ಲಿ ಜರ್ಮನರ ಮುತ್ತಿಗೆಯ ಗುಂಡಿಗೆ ಸಿಕ್ಕಿ ಸ್ಟ್ರಾಸ್‌ಬುರ್ಗಿನ ಹಳೆಯ ಪುಸ್ತಕಭಂಡಾರವು ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿಯಾಗಿತ್ತು. ಗೆದ್ದವರು ನಾಚಿಕೆಯಿಂದಲೋ ಅಭಿಮಾನದಿಂದಲೋ 1872ರಲ್ಲಿ ಅಲ್ಲಿ ಹೊಸ ವಿದ್ಯಾಪೀಠವನ್ನು ತೆರೆದು, ಹೊಸ ಗ್ರಂಥಾಲಯವನ್ನು ಕಟ್ಟತೊಡಗಿದರು. ಅದೇ ವರ್ಷ ಕಾರ್ಲನು ಅಲ್ಲಿ ಅಂಗಡಿ ತೆರೆದನು. ಪುಸ್ತಕಗಳೆಲ್ಲ ಸುಟ್ಟ ಊರಿನಲ್ಲಿ ಪುಸ್ತಕದ ಅಂಗಡಿ! ವ್ಯಾಪಾರದ ಬುದ್ಧಿಯೂ ಇತ್ತು, ಅದಕ್ಕಿಂತ ಹೆಚ್ಚಿನದೂ ಇತ್ತು.

ಚಿಕ್ಕವನಿಗೂ ದೊಡ್ಡವನಿಗೂ ಇದ್ದ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ, ದೊಡ್ಡವನು ಬಂದ ಗ್ರಂಥವನ್ನು ಆರಿಸಿಕೊಂಡನು, ಚಿಕ್ಕವನು ಬೇಕಾದ ಗ್ರಂಥವನ್ನು ಬರೆಯಿಸಿದನು. ಒಂದು ಶಾಸ್ತ್ರವನ್ನು ತೆಗೆದುಕೊಂಡು, ಅದರ ಒಂದೊಂದು ಅಂಗಕ್ಕೂ ಅದರಲ್ಲಿ ಪಾರಂಗತನಾದ ಒಬ್ಬೊಬ್ಬನನ್ನು ಗೊತ್ತುಮಾಡಿ, ಎಲ್ಲವನ್ನೂ ಒಂದೇ ಕಟ್ಟಡದ ಕೋಣೆಗಳಂತೆ ಜೋಡಿಸುವ ಪದ್ಧತಿ ಆತನದು. ಜರ್ಮನರು ಇದನ್ನು ಗ್ರುಂಡ್ರಿಸ್ ಎನ್ನುತ್ತಾರೆ; ಮನೆ ಕಟ್ಟುವ ಮೊದಲು ನೆಲದ ಮೇಲೆ ಎಳೆಯುವ ರೇಖೆಯೆಂದು ಅದರ ಅರ್ಥ. ಇಂಡೋ-ಜರ್ಮನ್ ಭಾಷೆಗಳಿಗೆ ಬ್ರುಗ್ಮನ್ನರಿಂದ 1886ರಲ್ಲಿ, ಲ್ಯಾಟಿನಿನಿಂದ ಹುಟ್ಟಿದ ಭಾಷೆಗಳಿಗೆ ಗ್ರೋಬರರಿಂದ 1888ರಲ್ಲಿ ಇಂತಹ ರೇಖೆಗಳು ಆರಂಭವಾದುವು. ಕ್ಲೂಗೆ ಪಂಡಿತರ ಜರ್ಮನ್ ಶಬ್ದವ್ಯುತ್ಪತ್ತಿಕೋಶವನ್ನು 1883ರಲ್ಲಿ ಪ್ರಕಟಿಸಿದವನೂ ಈತನೇ. ಜಗತ್ತಿನ ವಿದ್ಯಾಪೀಠಗಳ ವಿವರವನ್ನು ಕೊಡುವ ಮಿನರ್ವಾ ಎಂಬ ವಾರ್ಷಿಕವನ್ನು 1891ರಿಂದ ಹೊರಡಿಸಿದನು.

ಆತನ ಸಾಹಸವೊಂದನ್ನು ಇಲ್ಲಿ ಹೇಳದಿದ್ದರೆ ಮನುಷ್ಯನ ಚಿತ್ರವು ಪೂರ್ಣವಾಗಲಾರದು. ವಿಷಯವು ತುಸು ಅಡ್ಡಹಾದಿಯದಾದರೂ ವಾಚಕರು ಮನ್ನಿಸಬೇಕು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬರೆದ, ಜರ್ಮನ್ ಕವಿಗಳ ಹಾಡುಗಳೂ ಅವರ ಬಣ್ಣದ ಚಿತ್ರಗಳೂ ತುಂಬಿದ ಮಾನೆಸ್ಸೆ ಎಂಬ ಹಸ್ತಪ್ರತಿಯು ಒಂದು ಕಾಲಕ್ಕೆ ಹೈಡೆಲ್‌ಬರ್ಗಿನಲ್ಲಿತ್ತು. ಮೂವತ್ತು ವರ್ಷಗಳ ಯುದ್ಧದ ಗೊಂದಲದಲ್ಲಿ ಅದು ಊರುಬಿಟ್ಟು, ಕೊನೆಗೆ ಪ್ಯಾರಿಸಿನ ರಾಜಗ್ರಂಥಾಲಯವನ್ನು ಸೇರಿತು. ಜರ್ಮನರು ಅದನ್ನು ಮರಳಿ ಪಡೆಯಲು ಬಹುಕಾಲದಿಂದ ಹಂಬಲಿಸುತ್ತಿದ್ದರು, ಫ್ರೆಂಚರು ಮಾರುವವರಲ್ಲ. ಕಾರ್ಲನಿಗೆ ಒಂದು ಉಪಾಯ ಹೊಳೆಯಿತು. ಫ್ರಾನ್ಸಿನ ಗ್ರಂಥಾಲಯಗಳಿಂದ ಕಳುವಾಗಿದ್ದ ಹಸ್ತಪ್ರತಿಗಳು ಇಂಗ್ಲೆಂಡಿನ ಆಶ್‌ಬರ್ನ್‌ಹಾಮ್ ಪ್ರಭುವಿನ ಸಂಗ್ರಹದಲ್ಲಿದ್ದುವು. ಜರ್ಮನ್ ಸರ್ಕಾರದ ಹಣದ ಬೆಂಬಲವನ್ನು ಪಡೆದು, ಅವನ್ನು ಕೊಂಡು, ಫ್ರೆಂಚರಿಗೆ ಅವರ ವಸ್ತುವನ್ನು ಕೊಟ್ಟು, ಬದಲಿಗೆ ಮಾನೆಸ್ಸೆಯನ್ನು ತೆಗೆದುಕೊಂಡನು. 1888ರಲ್ಲಿ ಅದು ಹೈಡೆಲ್‌ಬರ್ಗಿಗೆ ಮರಳಿತು. ಎರಡು ದೇಶಗಳು ಹಲ್ಲು ಮಸೆಯುತ್ತಿದ್ದ ಕಾಲದಲ್ಲಿ ಇಬ್ಬರಿಗೂ ತಮ್ಮತಮ್ಮ ಒಡವೆಯನ್ನು ಕೊಡಿಸಿದವನು ಒಬ್ಬ ಪುಸ್ತಕವ್ಯಾಪಾರಿ. ನಮ್ಮ ಎಷ್ಟೋ ಓಲೆಗರಿಗಳೂ ತಾಮ್ರಪಟಗಳೂ ಸಮುದ್ರವನ್ನು ದಾಟಿಹೋಗಿವೆ. ಅವುಗಳ ಪರವಾಗಿ ಇಂತಹ ವ್ಯಾಪಾರಿಯೊಬ್ಬನು ಹುಟ್ಟಲಿಲ್ಲವಲ್ಲಾ ಎಂದು ಮನಸ್ಸು ಮರುಗುತ್ತದೆ.

ಇನ್ನು ನಮಗೆ ಸಂಬಂಧಪಟ್ಟ ಗ್ರುಂಡ್ರಿಸ್. ಭಾರತೀಯ ಆರ್ಯಭಾಷೆಗಳು ಮತ್ತು ಪುರಾತತ್ತ್ವಗಳನ್ನು ಕುರಿತು ಇಂತಹ ಕಟ್ಟಡವೊಂದನ್ನು ಎಬ್ಬಿಸುವ ಸಂಪಾದಕತ್ವವು ಬ್ಯೂಲರ್ ಮಹಾಶಯರ ಪಾಲಿಗೆ ಬಂದಿತು. ಅವರು 1863ರಲ್ಲಿ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಹಸ್ತಪ್ರತಿಗಳಿಗಾಗಿ ಕಾಶ್ಮೀರ ರಾಜಪುತಾನಗಳನ್ನು ಸುತ್ತಿ, 1881ರಲ್ಲಿ ವಿಯೆನ್ನಾ ನಗರದಲ್ಲಿ ಆಚಾರ್ಯಪೀಠವನ್ನೇರಿದವರು. ಸಂಪಾದಕರಾಗಿದ್ದುಕೊಂಡು ಲಿಪಿಶಾಸ್ತ್ರದ ಭಾಗವನ್ನು ತಾವೇ ಬರೆದರು. 1896ರಲ್ಲಿ ಸ್ಟ್ರಾಸ್‌ಬುರ್ಗಿನಿಂದ ಬಂದ ಆ ಪುಸ್ತಕದೊಡನೆ ಪ್ರತ್ಯೇಕವಾದ ಒಂದು ಕೈಚೀಲದಲ್ಲಿ 17 ದೊಡ್ಡ ಚಿತ್ರಪಟಗಳಿದ್ದುವು. ಎಡಗಡೆಯಲ್ಲಿ ಅ ಆ ಇ ಈ ಎಂದು ಅಕ್ಷರಗಳು. ಬಲಕ್ಕೆ ಸಾಲುಸಾಲಾಗಿ ಒಂದೊಂದು ಶಾಸನದಲ್ಲಿ ಅವು ತಳೆದ ರೂಪಗಳು. ಗಿರ್ನಾರಿನ ಕ ಹೇಗೆ, ಸಿದ್ದಾಪುರದ ಕ ಹೇಗೆ ಎಂದು ಬೆರಳಿಟ್ಟು ನೋಡಬಹುದು.

ಸಿದ್ದಾಪುರವೆಂದೆ. ಬರ್ನೆಲ್ಲನ ಕಾಲಕ್ಕೂ ಬ್ಯೂಲರರ ಕಾಲಕ್ಕೂ ನಡುವೆ ಒಂದು ದೊಡ್ಡ ಸಂಗತಿ ನಡೆದಿತ್ತು. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳನ್ನು ಪ್ರಕಟಪಡಿಸಿದ್ದರು. ಅವನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯದೇಶದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದನ್ನು ಖರೋಷ್ಠಿಯೆಂದು ಗುರುತಿಸಿದವರು ಬ್ಯೂಲರರೇ. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲ ಬರಹಗಾರನೊಬ್ಬನು ಚಿತ್ರದುರ್ಗದ ಸೀಮೆಯ ಬಂಡೆಯ ಮುಂದೆ ನಿಂತಿದ್ದನೆಂಬುದು ಎರಡು ಲಿಪಿಗಳ ಪಟಗಳನ್ನೂ ಬಲ್ಲವರಿಗೆ ಮಾತ್ರ ಕಾಣುವ ಇತಿಹಾಸ. ಬರ್ನೆಲ್ಲನು ನಾಲ್ಕನೆಯ ಶತಮಾನದಲ್ಲಿ ನಿಲ್ಲಿಸಿದ ಬೇಲಿಯನ್ನು ಬ್ಯೂಲರರು ಕ್ರಿಸ್ತಪೂರ್ವಕ್ಕೆ ಸರಿಸಿ, ಅಶೋಕನ ಕಾಲದಲ್ಲಿಯೇ ದಕ್ಷಿಣದ ಕೈಬರಹಕ್ಕೆ ತನ್ನದೇ ಆದ ಒಂದು ಬೆಡಗಿತ್ತೆಂದು ನಿರೂಪಿಸಿದರು. ಬ್ರಾಹ್ಮಿಯು ಸೆಮಿಟಿಕ್ ಲಿಪಿಯಿಂದ ಹುಟ್ಟಿತೆಂಬ ಅವರ ಮತವನ್ನು ನಮ್ಮವರು ಅನೇಕರು ಒಪ್ಪಲಿಲ್ಲ. ಆ ಚರ್ಚೆ ಇನ್ನೂ ಮುಗಿದಿಲ್ಲ.

1898ನೆಯ ಏಪ್ರಿಲ್ ತಿಂಗಳಲ್ಲಿ ಬ್ಯೂಲರರು ಕಾನ್‌ಸ್ಟನ್ಸ್ ಸರೋವರದಲ್ಲಿ ದೋಣಿಯಲ್ಲಿ ಹೋಗುತ್ತಿದ್ದಾಗ ಮುಳುಗಿ ಕಾಲವಾದರು. ಸಂಪಾದಕರು ಹೋದರೆ ಅರ್ಧಕಟ್ಟಿದ ಕಟ್ಟಡವು ಹಾಳುಬೀಳುವುದೇ ಲೋಕದ ರೂಢಿ. ಹಾಗಾಗಲಿಲ್ಲ. ಪುಣೆಯಲ್ಲಿ ಅಧ್ಯಾಪಕರಾಗಿದ್ದು ಗಟ್ಟಿಂಗನ್ನಿಗೆ ಹೋಗಿದ್ದ ಕೀಲ್‌ಹಾರ್ನ್ ಪಂಡಿತರು ಸಂಪಾದಕತ್ವವನ್ನು ವಹಿಸಿಕೊಂಡರು. ಕಾರ್ಲ್ ಟ್ರೂಬ್ನರನು ಹಣವನ್ನು ಹಿಂತೆಗೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುವುದು ನ್ಯಾಯವೇ. ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕವು ಈ ದೇಶದಲ್ಲಿ ಶಾಸನಗಳನ್ನು ಅರಸುವವನಿಗೆ ಯಾವ ಪ್ರಯೋಜನಕ್ಕೆ? ಆ ಕೊರತೆಯನ್ನು ತುಂಬಿದವರು, ಕನ್ನಡ ಶಾಸನಗಳಿಗಾಗಿ ಆಯುಷ್ಯವನ್ನೇ ಸವೆಸಿದ ಫ್ಲೀಟ್ ಸಾಹೇಬರು. ಬ್ಯೂಲರರ ಬರಹದ ಇಂಗ್ಲಿಷ್ ರೂಪವನ್ನು ಅವರು ಸಂಪಾದಿಸಿ 1904ರಲ್ಲಿ ಇಂಡಿಯನ್ ಆಂಟಿಕ್ವೆರಿಯ ಅನುಬಂಧವಾಗಿ ಹೊರಡಿಸಿದರು. ಅಂದಿನಿಂದ ಮದ್ರಾಸು, ಮೈಸೂರು, ಹೈದರಾಬಾದುಗಳ ವಿದ್ವಾಂಸರಿಗೆ ಅದು ಕೈಗೆಟುಕುವಂತಾಯಿತು. ದೇಶಭಾಷೆಯಲ್ಲಿ ಈ ಕೆಲಸವನ್ನು ಮಾಡಿದ ಕೀರ್ತಿಯು ರಾಜಪುತಾನದ ಗೌರೀಶಂಕರ ಓಝಾ ಅವರದು. ಅವರ ಹಿಂದೀ ಲಿಪಿಮಾಲೆಯು 1894ರಲ್ಲಿಯೇ, ಅಂದರೆ ಬ್ಯೂಲರರಿಗಿಂತ ಎರಡು ವರ್ಷ ಮೊದಲೇ ಬಂದಿತ್ತು. ಸ್ಟ್ರಾಸ್‌ಬುರ್ಗಿನ ಪಟ್ಟಿಯಲ್ಲಿ ನಮ್ಮವರ ಹೆಸರೂ ಇಲ್ಲದಿಲ್ಲ. ರಾಮಕೃಷ್ಣ ಗೋಪಾಲ ಭಾಂಡಾರಕರರು ವೈಷ್ಣವ ಶೈವಾದಿ ಮತಗಳನ್ನು ಕುರಿತು ಬರೆದ ಗ್ರಂಥವು ಇದೇ ಮಾಲೆಯಲ್ಲಿ 1913ರಲ್ಲಿ ಪ್ರಕಟವಾಯಿತು. ಅದರಲ್ಲಿ ವೀರಶೈವ ಮತಕ್ಕೆ ಪ್ರತ್ಯೇಕವಾದ ಒಂದು ಪ್ರಕರಣವಿದೆ. ರಾಯಚೂರು ಸೀಮೆಯ ಮಠಗಳಲ್ಲಿ ದಿನವೂ ಚರ್ಚೆಯಾಗುವ ವಿಷಯವನ್ನು ರೈನ್ ನದಿಯ ತೀರದ ಅಚ್ಚಿನ ಪುಸ್ತಕದಲ್ಲಿ ಕಾಣುವುದು ವಿಚಿತ್ರವಾದರೂ ನಿಜ.

ಕಾರ್ಲ್ ಟ್ರೂಬ್ನರನು 1907ರಲ್ಲಿ ತೀರಿಕೊಂಡನು. ಸಂಸ್ಥೆಯು ವಾಲ್ಟರ್ ದ ಗ್ರೂಯ್ಟರ್ ಎಂಬ ಪ್ರಕಾಶಕನ ವಶವಾದರೂ ಮುಖಪತ್ರದ ಮೇಲೆ ಟ್ರೂಬ್ನರ್ ಎಂಬ ಹೆಸರು ಉಳಿಯಿತು. ಮುಂದೆ 1914ರ ಮಹಾಯುದ್ಧ. ಮಸ್ಕಿಯ ಬಂಡೆಯು ಕಣ್ಣಿಗೆ ಬಿದ್ದ 1915ರ ಜನವರಿಯಲ್ಲಿ ಜರ್ಮನಿಯ ಪುಸ್ತಕ ಈ ದೇಶಕ್ಕೆ ಬರುವ ದಾರಿ ಮುಚ್ಚಿತ್ತು. ಮದ್ರಾಸಿನಲ್ಲಿ ಕೃಷ್ಣಶಾಸ್ತ್ರಿಗಳಿಗೆ ಶಾಸನವಿದ್ಯೆಯಲ್ಲಿ ಹಿರಿಯರಾಗಿದ್ದ ಹುಲ್ಟ್ಷ್ ಪಂಡಿತರು 1903ರಲ್ಲಿಯೇ ಸ್ವದೇಶಕ್ಕೆ ಹೋಗಿದ್ದು, ಆಗ ಶತ್ರುರಾಷ್ಟ್ರದ ಪ್ರಜೆಯಾಗಿದ್ದರು. ಬರಬೇಕಾದ ಗ್ರಂಥಗಳು ಅದಕ್ಕೆ ಮೊದಲೇ ಬಂದಿದ್ದುದು ನಮ್ಮ ಪುಣ್ಯ. 1918ರಲ್ಲಿ ಸ್ಟ್ರಾಸ್‌ಬುರ್ಗ್ ನಗರವು ಮತ್ತೆ ಫ್ರಾನ್ಸಿನದಾಯಿತು. 1919ರಲ್ಲಿ ಟ್ರೂಬ್ನರ್ ಸಂಸ್ಥೆಯು ಬೇರೆ ನಾಲ್ಕು ಹಳೆಯ ಪ್ರಕಾಶನಗಳೊಡನೆ ಬರ್ಲಿನ್ ನಗರದಲ್ಲಿ ಒಂದುಗೂಡಿತು. 1923ರಿಂದ ಆ ಕೂಟಕ್ಕೆ ದ ಗ್ರೂಯ್ಟರನ ಹೆಸರೇ ನಿಂತಿತು. ಲಂಡನ್ನಿನ ಕಂಪನಿಯು 1912ರಲ್ಲಿ ರೌಟ್ಲೆಜ್ ಮನೆತನದ ಹತೋಟಿಗೆ ಹೋಗಿ, 1947ರಲ್ಲಿ ಎರಡೂ ಪೂರ್ಣವಾಗಿ ಕೂಡಿದಾಗ ಹೊಸ ಫಲಕದ ಮೇಲೆ ಕೇಗನ್ ಪಾಲ್ ಉಳಿದನು, ಟ್ರೂಬ್ನರ್ ಅಳಿದನು.

ಯುದ್ಧ ಮುಗಿದ ಮೇಲೆ ಹುಲ್ಟ್ಷರು ಅಶೋಕನ ಶಾಸನಗಳ ಹೊಸ ಸಂಪುಟವನ್ನು ಪೂರೈಸಿದರು. ಭಾರತ ಸರ್ಕಾರದ ಪರವಾಗಿ ಅದು 1925ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚಾಯಿತು. ಕನ್ನಿಂಗ್‌ಹಾಮನ 1877ರ ಸಂಪುಟದಲ್ಲಿ ಇಲ್ಲದಿದ್ದ ಮೈಸೂರಿನ ಮೂರು ಶಾಸನಗಳೂ ಮಸ್ಕಿಯದೂ ಇದರಲ್ಲಿ ಸೇರಿದುವು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳು ಬೆಳಕಿಗೆ ಬಂದುವು. 1954ರಲ್ಲಿ ಮಧ್ಯಭಾರತದ ಗುಜರ್ರಾ ಎಂಬಲ್ಲಿ ಅಶೋಕನ ಹೆಸರುಳ್ಳ ಮತ್ತೊಂದು ಶಾಸನ ದೊರೆಯಿತು. 1970ರ ದಶಕದಲ್ಲಿ ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯ ಆಚೆ, ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉದೇಗೋಳಗಳ ಬಂಡೆಗಳ ಮೇಲೆಯೂ ಅದೇ ಹೆಸರನ್ನು ಓದಿದರು.